ಬೆಳಕಿಗೆ ಬಾಗಿಲಿಲ್ಲ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಚೆಸಪೀಕ್ ಕೊಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ತೆರೆದುಕೊಳ್ಳುವ ಕಡೆ ಎರಡು ಭೂಶಿರಗಳಿವೆ. ಉತ್ತರದ್ದು ಕೇಪ್ ಚಾರ್ಲ್ಸ್, ದಕ್ಷಿಣದ್ದು ಕೇಪ್ ಹೆನ್ರಿ. ನಡುವಿನ ಬಾಯಿಯ ಅಗಲ ಸುಮಾರು 19 ಕಿಲೋಮೀಟರ್. ಕೇಪ್ ಹೆನ್ರಿಯ ಮರಳದಿಬ್ಬದ ಮೇಲೆ 90 ಅಡಿ ಎತ್ತರದ, ಎಂಟು ಮುಖದ ಕಲ್ಲಿನ ದೀಪಸ್ತಂಭವೊಂದು 1792ರಿಂದ ನಿಂತಿದೆ. ಅಮೆರಿಕದ ಸಂವಿಧಾನ ಜಾರಿಗೆ ಬಂದ ಮೇಲೆ ಕೇಂದ್ರ ಸರ್ಕಾರ ಕೈಗೆತ್ತಿಕೊಂಡ ಮೊಟ್ಟಮೊದಲ ಕಟ್ಟಡದ ಕಾಮಗಾರಿ ಇದು. ಆ ದೇಶದವರು ಈ ಮೊದಲತನವನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಅದು ಸಹಜ. ಆದರೆ ಈ ಗೋಪುರದ ಚರಿತ್ರೆಯಲ್ಲಿ ಹೆಚ್ಚು ಯೋಚಿಸಬೇಕಾದ ಸಂಗತಿ ಬೇರೆಯೇ ಇದೆ. ಇಲ್ಲೊಂದು ದೀಪ ಬೇಕು ಎಂಬ ಮಾತು ಮೊದಲು ಎದ್ದದ್ದು 1720ರ ಆಸುಪಾಸಿನಲ್ಲಿ. ದೀಪ ಹೊತ್ತಿದ್ದು ಎಪ್ಪತ್ತು ವರ್ಷ ಕಳೆದ ಮೇಲೆ. ಬೇಡ ಎಂದವರು ಯಾರೂ ಇರಲಿಲ್ಲ, ಕಟ್ಟುವ ವಿದ್ಯೆಯೂ ಅಪರೂಪದ್ದಲ್ಲ, ಆ ಕೊಲ್ಲಿಯ ವ್ಯಾಪಾರದಲ್ಲಿ ಹಣಕ್ಕೂ ಬರವಿರಲಿಲ್ಲ. ಇಲ್ಲದೇ ಇದ್ದದ್ದು ಎಲ್ಲರ ಪರವಾಗಿ ಖರ್ಚು ಮಾಡಬಲ್ಲ ಒಂದು ಬೊಕ್ಕಸ. ಕೊಲ್ಲಿಯ ಬಾಯಲ್ಲಿ ಉರಿಯುವ ದೀಪ ಮಾರಾಟದ ಸರಕಾಗಲಾರದು, ಎಲ್ಲರೂ ಸೇರಿ ಹಣ ಕೊಟ್ಟರೆ ಮಾತ್ರ ಅದು ಉರಿಯುತ್ತದೆ ಎಂಬುದಕ್ಕೆ ಕೇಪ್ ಹೆನ್ರಿಗಿಂತ ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ.

ಆ ದೀಪ ಯಾಕೆ ಅಷ್ಟು ಬೇಕಾಗಿತ್ತು ಎಂಬುದನ್ನು ನೆಲದ ಆಕಾರವೇ ಹೇಳುತ್ತದೆ. ಪೊಟೋಮ್ಯಾಕ್, ಜೇಮ್ಸ್, ಯಾರ್ಕ್, ರಾಪಹ್ಯಾನಕ್, ಸಸ್ಕ್ವೆಹ್ಯಾನ, ಇಷ್ಟೂ ನದಿಗಳ ನೀರು ಈ ಒಂದೇ ಬಾಯಿಂದ ಕಡಲು ಸೇರುತ್ತದೆ. ವರ್ಜೀನಿಯಾ ಮತ್ತು ಮೇರಿಲ್ಯಾಂಡ್ ವಸಾಹತುಗಳ ಹೊಗೆಸೊಪ್ಪೆಲ್ಲ ಇದೇ ದಾರಿಯಲ್ಲಿ ಇಂಗ್ಲೆಂಡಿಗೆ ಹೋಗಬೇಕಿತ್ತು. ನಮ್ಮ ಕಾರವಾರದ ಕಡೆ ದೂರದಿಂದಲೇ ಗುಡ್ಡಗಳು ಕಣ್ಣಿಗೆ ಬಿದ್ದು ನೆಲ ಹತ್ತಿರ ಬಂತೆಂದು ತಿಳಿಸುತ್ತವೆ. ಅಲ್ಲಿ ಅಂಥ ಗುರುತೇ ಇಲ್ಲ. ಚಪ್ಪಟೆ ದಡ, ಮರಳು, ಕುರುಚಲು ಕಾಡು. ಬಾಯಿಯ ನಡುವೆ ನೀರಿನಡಿ ಮರಳದಿನ್ನೆ ಚಾಚಿಕೊಂಡಿರುವುದರಿಂದ ದೊಡ್ಡ ಹಡಗುಗಳು ಆಳವಿರುವ ದಕ್ಷಿಣದ ಅಂಚಿಗೇ, ಕೇಪ್ ಹೆನ್ರಿಗೆ ಹತ್ತಿರದಿಂದಲೇ ಒಳಹೋಗಬೇಕು. ಎರಡು ತಿಂಗಳ ಪಯಣ ಮುಗಿಸಿ ಬಂದ ಹಡಗು ರಾತ್ರಿ ಇಲ್ಲಿ ದಾರಿ ತಪ್ಪಿದರೆ ಮನೆಯ ಹೊಸಿಲಲ್ಲೇ ಮುಳುಗಿದಂತೆ. ಹಾಗಾಗದಿರಲೆಂದು ಬೆಳಗಾಗುವವರೆಗೆ ಹೊರಗಡಲಲ್ಲಿ ಕಾಯಬೇಕಿತ್ತು, ಕಾಯುವಾಗ ಬಿರುಗಾಳಿ ಎದ್ದರೆ ಅದೂ ಅಪಾಯವೇ.

ವರ್ಜೀನಿಯಾದ ಗವರ್ನರ್ ಅಲೆಕ್ಸಾಂಡರ್ ಸ್ಪಾಟ್ಸ್‌ವುಡ್ ಇದನ್ನು ಕಂಡೇ ದೀಪಸ್ತಂಭಕ್ಕಾಗಿ ಒತ್ತಾಯಿಸಿದ. ಅಲ್ಲಿನ ಶಾಸನಸಭೆ ಒಪ್ಪಿತು, ಆದರೆ ಮೇರಿಲ್ಯಾಂಡ್ ಕೂಡ ಖರ್ಚಿಗೆ ಕೈಜೋಡಿಸಬೇಕೆಂಬ ಷರತ್ತಿನೊಂದಿಗೆ. ಷರತ್ತು ನ್ಯಾಯವಾದದ್ದೇ. ದೀಪ ನಿಲ್ಲುವ ನೆಲ ವರ್ಜೀನಿಯಾದ್ದು, ಬೆಳಕು ಮಾತ್ರ ಮೇರಿಲ್ಯಾಂಡಿಗೆ ಹೋಗುವ ಹಡಗಿಗೂ ವರ್ಜೀನಿಯಾಕ್ಕೆ ಹೋಗುವ ಹಡಗಿಗೂ ಒಂದೇ. ಮೇರಿಲ್ಯಾಂಡಿನ ಲೆಕ್ಕಾಚಾರವೂ ಅದೇ ಸತ್ಯದ ಇನ್ನೊಂದು ಮುಖವಾಗಿತ್ತು: ನೆರೆಯವರು ಹೇಗೂ ಕಟ್ಟಿದರೆ ತಮ್ಮ ಹಡಗುಗಳಿಗೆ ಬೆಳಕು ಪುಕ್ಕಟೆ ಸಿಗುತ್ತದೆ. ಹಡಗಿನ ಸುಂಕ ಏರಿದರೆ ಅದರ ಭಾರ ತಮ್ಮ ಮೇಲೆ ಬೀಳುತ್ತದೆಂದು ಇಂಗ್ಲೆಂಡಿನ ವರ್ತಕರೂ ಉತ್ಸಾಹ ತೋರಲಿಲ್ಲ, ಲಂಡನ್ನಿನ ಒಪ್ಪಿಗೆಯೂ ಬರಲಿಲ್ಲ. ಮೂವರಲ್ಲಿ ಒಬ್ಬರ ವಾದವೂ ಮೂರ್ಖತನದ್ದಲ್ಲ, ಒಬ್ಬೊಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಎಣಿಸಿದ್ದರು. ಹಾಗೆ ಎಣಿಸಿದ್ದರ ಒಟ್ಟು ಫಲ ಅರ್ಧ ಶತಮಾನದ ಕತ್ತಲೆ. ಕೊನೆಗೆ 1770ರ ದಶಕದ ಮೊದಲ ವರ್ಷಗಳಲ್ಲಿ ಎರಡು ವಸಾಹತುಗಳೂ ಒಪ್ಪಂದಕ್ಕೆ ಬಂದು, 1774ರಲ್ಲಿ ಅಕ್ವಾಯ ಹಳ್ಳದ ಗಣಿಯಿಂದ ಮರಳುಗಲ್ಲು ತರಿಸಿ ರಾಶಿ ಹಾಕಿಸಿದವು. ಅಷ್ಟರಲ್ಲಿ ಸ್ವಾತಂತ್ರ್ಯಯುದ್ಧ ಬಂತು, ಕೆಲಸ ನಿಂತಿತು, ಕಲ್ಲಿನ ರಾಶಿಯ ಮೇಲೆ ಗಾಳಿ ಮರಳು ತಂದು ಸುರಿಯತೊಡಗಿತು. 1781ರ ಸೆಪ್ಟೆಂಬರ್ 5ರಂದು ಫ್ರೆಂಚ್ ಮತ್ತು ಬ್ರಿಟಿಷ್ ನೌಕಾದಳಗಳು ಇದೇ ಬಾಯಿಯ ಹೊರಗೆ ಕಾದಾಡಿ, ಯಾರ್ಕ್‌ಟೌನಿನಲ್ಲಿದ್ದ ಕಾರ್ನ್‌ವಾಲಿಸನಿಗೆ ಕಡಲ ದಾರಿ ಮುಚ್ಚಿಹೋಯಿತು. ಮುಂದೆ ಮೂರನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಎದುರು ಶ್ರೀರಂಗಪಟ್ಟಣಕ್ಕೆ ದಂಡು ತಂದ ಕಾರ್ನ್‌ವಾಲಿಸನೇ ಈತ. ಒಂದು ಯುದ್ಧದ ಹಣೆಬರಹ ಬರೆದ ಆ ಕಡಲ ಬಾಗಿಲಲ್ಲಿ ಆ ದಿನಕ್ಕೂ ಒಂದು ದೀಪಸ್ತಂಭವಿರಲಿಲ್ಲ.

ಯುದ್ಧ ಮುಗಿದ ಮೇಲೂ ಜಗಳ ಅದೇ. 1785ರ ಮಾರ್ಚ್‌ನಲ್ಲಿ ಎರಡೂ ರಾಜ್ಯಗಳ ಪ್ರತಿನಿಧಿಗಳು ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವರ್ನನ್ ಮನೆಯಲ್ಲಿ ಕೂತು ನದಿ, ಕೊಲ್ಲಿ, ಮೀನುಗಾರಿಕೆ, ಸುಂಕಗಳ ಬಗ್ಗೆ ಕರಾರು ಬರೆದರು. ಕೊಲ್ಲಿಯ ದೀಪಸ್ತಂಭ, ತೇಲುಗುರುತುಗಳ ವೆಚ್ಚದಲ್ಲಿ ವರ್ಜೀನಿಯಾದ್ದು ಐದು ಪಾಲು, ಮೇರಿಲ್ಯಾಂಡಿನದ್ದು ಮೂರು ಪಾಲು ಎಂದು ಅದರಲ್ಲಿ ತೀರ್ಮಾನವಾಯಿತು. ಪಾಲು ಹಂಚಿಕೆಯಾದರೂ ಗೋಪುರ ಏಳಲಿಲ್ಲ ಎಂಬುದನ್ನು ಗಮನಿಸಬೇಕು. ಎರಡೇ ರಾಜ್ಯ ಸೇರಿದರೆ ಸಾಲದು, ವ್ಯಾಪಾರಕ್ಕೆ ಸಂಬಂಧಿಸಿದ ಇಂಥ ಎಷ್ಟೋ ವಿಷಯ ಎಲ್ಲ ರಾಜ್ಯಗಳನ್ನೂ ಮುಟ್ಟುತ್ತದೆ ಎಂಬ ಅರಿವಿನಿಂದ ಮರುವರ್ಷ ಅನಾಪೊಲಿಸ್ ಸಭೆ ಸೇರಿತು, ಅಲ್ಲಿಂದ 1787ರ ಫಿಲಡೆಲ್ಫಿಯಾ ಸಭೆಗೆ ದಾರಿಯಾಯಿತು, ಅಲ್ಲಿ ಸಂವಿಧಾನ ಹುಟ್ಟಿತು. ದೀಪಸ್ತಂಭದಿಂದಲೇ ಸಂವಿಧಾನ ಬಂತು ಎಂದರೆ ಉತ್ಪ್ರೇಕ್ಷೆ. ಸಾಲ, ದಂಗೆ, ಸುಂಕಸಮರ ಹೀಗೆ ಕಾರಣಗಳು ಬಹಳ. ಆದರೆ ಕೇಪ್ ಹೆನ್ರಿಯ ಕತ್ತಲೆ ಆ ಕಾರಣಗಳ ಸಾಲಿಗೇ ಸೇರಿದ್ದು ಎಂಬುದರಲ್ಲಿ ಅನುಮಾನವಿಲ್ಲ. ಹೊಸ ಸಂವಿಧಾನದಡಿಯ ಸಂಸತ್ತಾದ ಕಾಂಗ್ರೆಸ್ ಮೊದಲು ಸೇರಿದ ವರ್ಷವೇ, 1789ರ ಆಗಸ್ಟ್ 7ರಂದು, ವಾಷಿಂಗ್ಟನ್ ಸಹಿ ಹಾಕಿದ ದೀಪಸ್ತಂಭ ಕಾಯ್ದೆ ಬಂದದ್ದು ಇದೇ ಕಾರಣಕ್ಕೆ. ಎಲ್ಲ ದೀಪಗಳ ಖರ್ಚನ್ನು ರಾಷ್ಟ್ರದ ಖಜಾನೆ ಹೊರುತ್ತದೆ ಎಂದು ಅದು ಸಾರಿತು. ಚೆಸಪೀಕ್ ಬಾಯಲ್ಲಿ ಒಂದು ದೀಪಸ್ತಂಭ ಕಟ್ಟಬೇಕೆಂದು ಅದರಲ್ಲಿ ಪ್ರತ್ಯೇಕವಾಗಿಯೇ ಬರೆದಿತ್ತು.

ಆ ನವೆಂಬರ್‌ನಲ್ಲಿ ವರ್ಜೀನಿಯಾ ಎರಡು ಎಕರೆ ನೆಲ ಬಿಟ್ಟುಕೊಟ್ಟಿತು. ಬಿಟ್ಟುಕೊಡುವಾಗ ಹಾಕಿದ ಷರತ್ತುಗಳನ್ನು ನಮ್ಮ ಕರಾವಳಿಯವರು ಮೆಚ್ಚಿಕೊಂಡಾರು. ಏಳು ವರ್ಷದೊಳಗೆ ದೀಪ ಕಟ್ಟದಿದ್ದರೆ ನೆಲ ವಾಪಸು. ಜೊತೆಗೆ, ಆ ದಡದಲ್ಲಿ ಬಲೆ ಎಳೆದು ಮೀನು ಹಿಡಿಯುವ ಜನರ ಹಕ್ಕಿಗೆ ಅಡ್ಡಿ ಬರಕೂಡದು. ನಮ್ಮಲ್ಲಿ ರಂಪಣಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ನೀರಿಗೆ ಬಿಟ್ಟು ಎರಡೂ ತುದಿಯಿಂದ ಊರ ಜನ ದಡಕ್ಕೆ ಎಳೆಯುತ್ತಾರಲ್ಲ, ಅದೇ ಜಾತಿಯ ದಡಬಲೆ ಅಲ್ಲಿಯೂ ಇತ್ತು. ಹೊಸದಾಗಿ ಹುಟ್ಟಿದ ಕೇಂದ್ರ ಸರ್ಕಾರಕ್ಕೆ ಜಾಗ ಕೊಡುವಾಗಲೂ ಬಲೆ ಎಳೆಯುವವರ ದಡ ಮರೆಯದೆ ಉಳಿಸಿಕೊಂಡ ಆ ವಾಕ್ಯ ಇವತ್ತಿನ ಬಂದರು ಯೋಜನೆಗಳ ಕಡತಗಳಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಗುತ್ತಿಗೆ ಸಿಕ್ಕಿದ್ದು ನ್ಯೂಯಾರ್ಕಿನ ಜಾನ್ ಮೆಕೋಂಬ್ ಎಂಬ ಕಿರಿಯ ವಯಸ್ಸಿನ ಕಟ್ಟಡಗಾರನಿಗೆ, 1791ರಲ್ಲಿ, 15,200 ಡಾಲರಿಗೆ. ಗುತ್ತಿಗೆ ಕೊಟ್ಟ ಖಜಾನೆ ಇಲಾಖೆಯ ಮುಖ್ಯಸ್ಥ ಅಲೆಕ್ಸಾಂಡರ್ ಹ್ಯಾಮಿಲ್ಟನ್. ಮುಂದೆ ತನ್ನ ಸ್ವಂತ ಮನೆಯನ್ನೂ ಆತ ಇದೇ ಮೆಕೋಂಬನಿಂದ ಕಟ್ಟಿಸಿಕೊಂಡ. ಕೆಲಸದ ಕಷ್ಟವೆಲ್ಲ ತಳಪಾಯದಲ್ಲಿತ್ತು. ಕರಾರಿನ ಪ್ರಕಾರ 13 ಅಡಿ ಆಳ ಅಗೆದರೆ ಸಾಕು. ಅಲ್ಲಿಗೆ ಇಳಿದು ನೋಡಿದರೆ ಇನ್ನೂ ಸಡಿಲ ಮರಳು, ಗಟ್ಟಿ ನೆಲದ ಸುಳಿವಿಲ್ಲ. ಅಗೆದಷ್ಟೂ ಸುತ್ತಲಿನ ದಿಬ್ಬದಿಂದ ಮರಳು ಜರಿದು ಗುಂಡಿ ತುಂಬುತ್ತಿತ್ತು. ಕೊನೆಗೆ 20 ಅಡಿಗೆ ಹೋಗಿ ನಿಂತರು, ಅದಕ್ಕೆಂದು 2,500 ಡಾಲರ್ ಹೆಚ್ಚು ತೆರಬೇಕಾಯಿತು. ಯುದ್ಧಕ್ಕೆ ಮುಂಚೆ ತಂದು ಹಾಕಿದ್ದ ಕಲ್ಲು ಮರಳಿನಡಿ ಹೂತುಹೋಗಿತ್ತು, ಅದನ್ನು ಅಗೆದು ತೆಗೆಯುವ ಖರ್ಚು ದುಬಾರಿಯೆನಿಸಿತು. ಮತ್ತೆ ಅಕ್ವಾಯದಿಂದಲೇ ಕಲ್ಲು ಬಂತು. ವಾಷಿಂಗ್ಟನ್ ನಗರದ ಶ್ವೇತಭವನಕ್ಕೂ ಸಂಸತ್ ಭವನಕ್ಕೂ ಬಳಕೆಯಾದದ್ದು ಅದೇ ಕಲ್ಲು. ಲಾಭನಷ್ಟ ನೋಡುವ ಖಾಸಗಿ ಹೂಡಿಕೆದಾರನೊಬ್ಬ 13 ಅಡಿಯಲ್ಲೇ ಕೆಲಸ ಮುಗಿಸಿದ್ದರೂ ತಪ್ಪು ಅಷ್ಟು ಬೇಗ ಹೊರಬೀಳುತ್ತಿರಲಿಲ್ಲ. ಆ ಹೆಚ್ಚುವರಿ ಏಳು ಅಡಿಯ ಮೇಲೆ ಗೋಪುರ ಇಂದಿಗೂ ನಿಂತಿದೆ. 1792ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ದೀಪ ಹಚ್ಚಿದರು.

ಇಲ್ಲಿಗೆ ಬರುವಾಗ ಅರ್ಥಶಾಸ್ತ್ರ ಓದಿದವರು ಒಂದು ಆಕ್ಷೇಪ ಎತ್ತುತ್ತಾರೆ, ಅದು ಹಗುರವಾದದ್ದಲ್ಲ. ಜಾನ್ ಸ್ಟುವರ್ಟ್ ಮಿಲ್‌ನಿಂದ ಪಾಲ್ ಸ್ಯಾಮ್ಯುಯೆಲ್‌ಸನ್‌ವರೆಗೆ ಎಲ್ಲರೂ ಸರ್ಕಾರವೇ ಮಾಡಬೇಕಾದ ಕೆಲಸಕ್ಕೆ ಉದಾಹರಣೆಯಾಗಿ ದೀಪಸ್ತಂಭವನ್ನು ಹೆಸರಿಸಿದ್ದರು. 1974ರಲ್ಲಿ ರೊನಾಲ್ಡ್ ಕೋಸ್ ಇಂಗ್ಲೆಂಡಿನ ದಾಖಲೆ ತೆಗೆದು ನೋಡಿ, ಅಲ್ಲಿ ಎಷ್ಟೋ ದೀಪಸ್ತಂಭ ಕಟ್ಟಿಸಿದವರು ಖಾಸಗಿಯವರು ಎಂದು ತೋರಿಸಿದರು. 1820ರಲ್ಲಿ ಅಲ್ಲಿದ್ದ 46 ದೀಪಸ್ತಂಭಗಳಲ್ಲಿ 22 ಖಾಸಗಿಯವರ ಕೈಯಲ್ಲಿದ್ದವು. 34ನ್ನು ಮೊದಲಿಗೆ ಕಟ್ಟಿಸಿದ್ದೇ ಖಾಸಗಿಯವರು. ಹಾಗಾದರೆ ಬೆಳಕು ಮಾರಾಟವಾಗದು ಎನ್ನುವ ಮಾತು ಬಿದ್ದುಹೋಯಿತೇ? ಕೋಸ್ ತೆಗೆದುಕೊಟ್ಟ ವಿವರಗಳನ್ನೇ ನಿಧಾನವಾಗಿ ಓದಿದರೆ ಬೀಳುವುದಿಲ್ಲ. ಆ ಖಾಸಗಿ ಒಡೆಯರು ಬೆಳಕನ್ನು ಗಿರಾಕಿಗೆ ಮಾರಿದವರಲ್ಲ. ಅವರ ಕೈಯಲ್ಲಿ ರಾಜನ ಸನ್ನದಿತ್ತು. ಹಡಗು ಬಂದರು ಮುಟ್ಟಿದಾಗ ಅದರ ತೂಕಕ್ಕೆ ತಕ್ಕಂತೆ ಸುಂಕ ವಸೂಲಾಗುತ್ತಿತ್ತು, ದೀಪ ಕಣ್ಣಿಗೆ ಬಿತ್ತೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ, ಬೇಡ ಎನ್ನುವ ಸ್ವಾತಂತ್ರ್ಯವೂ ಇರಲಿಲ್ಲ. ಬೇಡ ಎನ್ನಲಾಗದ ಪಾವತಿಗೆ ತೆರಿಗೆ ಎಂದೇ ಹೆಸರು, ಅದನ್ನು ವಸೂಲು ಮಾಡುವವನು ಯಾರೇ ಇರಲಿ. ವೇಲ್ಸ್ ಕರಾವಳಿಯ ಸ್ಕೆರಿಸ್ ಬಂಡೆಯ ದೀಪ ಈ ವ್ಯವಸ್ಥೆ ಎಲ್ಲಿಗೆ ಮುಟ್ಟಿತು ಎಂಬುದನ್ನು ತೋರಿಸುತ್ತದೆ. ಹದಿನೆಂಟನೇ ಶತಮಾನದ ಆದಿಯಲ್ಲಿ ಹುಟ್ಟಿದ ಆ ದೀಪದ ಸುಂಕದ ಹಕ್ಕು ಶಾಶ್ವತವಾಗಿ ಒಂದು ಆಸ್ತಿಯಾಯಿತು. ಹಡಗುಗಳು ಹೆಚ್ಚಿದ ಹಾಗೆ, ದೀಪದಲ್ಲಿ ಒಂದು ಹನಿ ಎಣ್ಣೆ ಹೆಚ್ಚು ಉರಿಯದಿದ್ದರೂ ಹುಟ್ಟುವಳಿ ಏರುತ್ತ ಹೋಯಿತು. 1836ರ ಕಾನೂನಿನಿಂದ ಬ್ರಿಟನ್ ಖಾಸಗಿ ದೀಪಗಳನ್ನೆಲ್ಲ ದೀಪಸ್ತಂಭಗಳನ್ನು ನೋಡಿಕೊಳ್ಳುವ ಟ್ರಿನಿಟಿ ಹೌಸ್ ಸಂಸ್ಥೆಯ ವಶಕ್ಕೆ ತರಲು ಹೊರಟಾಗ ಸ್ಕೆರಿಸ್ ಒಂದಕ್ಕೇ 4,44,984 ಪೌಂಡ್ ತೆರಬೇಕಾಯಿತು. ಖಾಸಗಿಯವರಿಂದ ದೀಪ ಕಟ್ಟಿಸಬಹುದು ಎಂದು ಕೋಸ್ ತೋರಿಸಿದ್ದು ನಿಜ. ರಾಜ್ಯದ ಅಧಿಕಾರವಿಲ್ಲದೆ ದೀಪಕ್ಕೆ ಹಣ ಹುಟ್ಟುತ್ತದೆ ಎಂದು ಅದರಿಂದ ಸಿದ್ಧವಾಗುವುದಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಅಮೆರಿಕದ ಸ್ವಂತ ಅನುಭವದಲ್ಲೇ ಇದೆ. ಖಜಾನೆ ಹಣ ಕೊಟ್ಟರೆ ದೀಪ ಚೆನ್ನಾಗಿ ಉರಿಯುತ್ತದೆ ಎಂಬ ಖಾತರಿ ಎಲ್ಲಿದೆ? 1820ರಿಂದ 1852ರವರೆಗೆ ಆ ದೇಶದ ದೀಪಸ್ತಂಭಗಳೆಲ್ಲ ಸ್ಟೀಫನ್ ಪ್ಲೆಸಂಟನ್ ಎಂಬ ಲೆಕ್ಕಪರಿಶೋಧಕನ ಕೈಯಲ್ಲಿದ್ದವು. ಹಣ ಉಳಿಸುವುದರಲ್ಲಿ ಆತ ಗಟ್ಟಿಗ, ಕಡಲಿನ ಅನುಭವ ಮಾತ್ರ ಇಲ್ಲ. ಫ್ರಾನ್ಸಿನಲ್ಲಿ ಫ್ರೆನೆಲ್ ರೂಪಿಸಿದ ಮಸೂರ 1823ರಲ್ಲೇ ಕೊರ್ಡುವಾನ್ ದೀಪಸ್ತಂಭಕ್ಕೆ ಏರಿತ್ತು. ಗಾಜಿನ ಉಂಗುರಗಳ ಸಾಲಿನಿಂದ ಒಂದೇ ದೀಪದ ಚದುರಿದ ಬೆಳಕನ್ನೆಲ್ಲ ಒಗ್ಗೂಡಿಸಿ ಕ್ಷಿತಿಜದ ಕಡೆಗೆ ಕಳಿಸುವ ಅದ್ಭುತ ಸಾಧನ ಅದು. ಪ್ಲೆಸಂಟನ್ ಬೆಲೆ ನೋಡಿ ಅದನ್ನು ದೂರವಿಟ್ಟು, ಮಂಕಾದ ಹಳೆಯ ದೀಪ ಮತ್ತು ಪ್ರತಿಫಲಕಗಳಲ್ಲೇ ಮೂರು ದಶಕ ಕಳೆದ. ಈ ವೈಫಲ್ಯವನ್ನು ಮರೆಮಾಚುವುದು ಸರಿಯಲ್ಲ. ಆದರೆ ಇದಕ್ಕೆ ಮದ್ದು ಎಲ್ಲಿಂದ ಬಂತು ಎಂಬುದೂ ಅಷ್ಟೇ ಮುಖ್ಯ. ನಾವಿಕರ ದೂರು ಕಾಂಗ್ರೆಸ್ ಮುಟ್ಟಿತು, 1851ರಲ್ಲಿ ತನಿಖೆ ನಡೆಯಿತು, ಮರುವರ್ಷ ನೌಕಾಧಿಕಾರಿಗಳು, ಎಂಜಿನಿಯರುಗಳು, ವಿಜ್ಞಾನಿಗಳು ಕೂಡಿದ ದೀಪಸ್ತಂಭ ಮಂಡಳಿ ಬಂತು, ಮಸೂರಗಳು ಬಂದವು. ಸಾರ್ವಜನಿಕ ದೀಪ ಕೆಟ್ಟರೆ ಕೇಳಲು ಒಂದು ಸಭೆ ಇರುತ್ತದೆ. ಸ್ಕೆರಿಸ್‌ನ ಒಡೆಯರನ್ನು ಹಾಗೆ ಸಭೆಗೆ ಕರೆದು ಕೇಳುವಂತಿರಲಿಲ್ಲ, ಹಕ್ಕನ್ನೇ ಕೊಂಡುಕೊಳ್ಳಬೇಕಾಯಿತು.

ಸಾರ್ವಜನಿಕ ಎನ್ನುವಾಗ ಯಾರೆಲ್ಲ ಅದರಲ್ಲಿ ಸೇರಿದ್ದರು ಎಂದೂ ಕೇಳಲೇಬೇಕು. ಆ ಕೊಲ್ಲಿಯ ಸಂಪತ್ತಾದ ಹೊಗೆಸೊಪ್ಪನ್ನು ಬೆಳೆದದ್ದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಅಕ್ವಾಯದ ಗಣಿಗಳಲ್ಲಿ ಕಲ್ಲು ಒಡೆದವರಲ್ಲೂ ಗುಲಾಮರಿದ್ದರು. 1808ರಲ್ಲಿ ಗುಲಾಮರ ಆಮದು ನಿಷೇಧವಾದ ನಂತರವೂ ವರ್ಜೀನಿಯಾದ ಬಂದರುಗಳಿಂದ ನ್ಯೂ ಆರ್ಲಿಯನ್ಸಿಗೆ ಮನುಷ್ಯರನ್ನು ಮಾರಲು ಒಯ್ಯುವ ಹಡಗುಗಳು ಇದೇ ದೀಪದ ಎದುರಿನಿಂದ ಕಡಲಿಗೆ ಇಳಿದವು. ಬೆಳಕು ಹಡಗಿನೊಳಗೆ ಏನಿದೆ ಎಂದು ನೋಡಿ ಬೀಳುವುದಿಲ್ಲ. ಎಲ್ಲರಿಗೂ ಸಮನಾಗಿ ಬೀಳುವ ಬೆಳಕನ್ನು ಕಟ್ಟಿದ ಖಜಾನೆ, ಎಲ್ಲರನ್ನೂ ಸಮನಾಗಿ ಎಣಿಸಿರಲಿಲ್ಲ. ಸ್ವತಂತ್ರ ಕರಿಯ ಕುಟುಂಬದಲ್ಲಿ ಹುಟ್ಟಿ ಗುಲಾಮಗಿರಿಯ ವಿರುದ್ಧ ಹೋರಾಡಿದ, ಅಂತರ್ಯುದ್ಧದ ನಂತರ ವರ್ಜೀನಿಯಾದ ಸಂವಿಧಾನ ಸಭೆಯಲ್ಲಿ ಕೂತ ವಿಲ್ಲಿಸ್ ಹಾಜಸ್ 1870ರಲ್ಲಿ ಸ್ವಲ್ಪ ಕಾಲ ಈ ದೀಪದ ಪಾಲಕನಾಗಿದ್ದ. ದೀಪ ಹೊತ್ತಿ ಆಗಲೇ ಎಪ್ಪತ್ತೆಂಟು ವರ್ಷವಾಗಿತ್ತು. ಹಂಚಿಕೊಂಡ ಬೊಕ್ಕಸ ಬೇಕು ಎನ್ನುವ ವಾದ ಇದರಿಂದ ಕುಸಿಯುವುದಿಲ್ಲ, ಆ ಬೊಕ್ಕಸದ ಒಡೆತನ ಯಾರದು ಎಂಬ ಪ್ರಶ್ನೆಯನ್ನು ಬಿಟ್ಟು ಆ ವಾದ ಹೂಡುವಂತಿಲ್ಲ ಅಷ್ಟೆ.

ಗೋಪುರದ ಎರಡನೇ ಬಾಳು ಶುರುವಾದದ್ದು ಬಿರುಕುಗಳಿಂದ. 1872ರ ತಪಾಸಣೆಯಲ್ಲಿ ಎಂಟು ಮುಖಗಳ ಪೈಕಿ ಆರರಲ್ಲಿ ಬುಡದಿಂದ ಮೇಲಕ್ಕೆ ಸೀಳು ಕಂಡವು. ದೊಡ್ಡ ಬಿರುಗಾಳಿಗೆ ಉರುಳೀತು ಎಂದು ವರದಿಯಾಯಿತು. ಪಕ್ಕದಲ್ಲೇ ಎರಕದ ಕಬ್ಬಿಣದ, ಕಪ್ಪು ಬಿಳಿ ಮುಖಗಳ ಹೊಸ ಗೋಪುರ ಎದ್ದು 1881ರ ಡಿಸೆಂಬರ್‌ನಲ್ಲಿ ದೀಪವನ್ನು ವಹಿಸಿಕೊಂಡಿತು. ಹಳೆಯದು ಉರುಳಲಿಲ್ಲ. 1930ರಲ್ಲಿ ಕಾಂಗ್ರೆಸ್ ಅದನ್ನು ಪ್ರಾಚೀನ ಸ್ಮಾರಕಗಳನ್ನು ಕಾಯುವ ವರ್ಜೀನಿಯಾದ ಖಾಸಗಿ ಸಂಘವೊಂದಕ್ಕೆ ಒಪ್ಪಿಸಿತು. ಆ ಸಂಘದ ಈಗಿನ ಹೆಸರು ಪ್ರಿಸರ್ವೇಶನ್ ವರ್ಜೀನಿಯಾ. ಸುತ್ತಲೂ ಸೇನಾ ನೆಲೆ ಇದ್ದರೂ ಜನ ಬಂದು, ಟಿಕೆಟ್ ಪಡೆದು, ಮೆಟ್ಟಿಲು ಹತ್ತಿ ಕೊಲ್ಲಿಯನ್ನು ನೋಡುತ್ತಾರೆ. ನೋಡಿ, ಇಲ್ಲಿ ಖಾಸಗಿ ಸಂಘವೇ ಚೆನ್ನಾಗಿ ಕಾಯ್ದುಕೊಂಡಿದೆಯಲ್ಲ ಎಂದು ಯಾರಾದರೂ ಹೇಳಬಹುದು. ನಿಜ, ಕಾಯ್ದುಕೊಂಡಿದೆ, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದರೆ ಅದು ಕಾಯ್ದದ್ದು ಕಲ್ಲನ್ನು. ಗೋಪುರಕ್ಕೆ ಬಾಗಿಲಿದೆ, ಬಾಗಿಲಲ್ಲಿ ಟಿಕೆಟ್ ಕೊಡಬಹುದು, ಹಣ ಕೊಡದವರನ್ನು ಹೊರಗೆ ನಿಲ್ಲಿಸಬಹುದು. ಬೆಳಕಿಗೆ ಅಂಥ ಬಾಗಿಲಿಲ್ಲ. ಒಂದೇ ಆವರಣದಲ್ಲಿ ನಿಂತ ಹಳೆಯ ಹೊಸ ಗೋಪುರಗಳು ಎರಡು ಬೇರೆ ಬೇರೆ ಬಗೆಯ ಹಣದಿಂದ ಬದುಕಿವೆ, ಬದುಕಬೇಕಾದದ್ದೂ ಹಾಗೆಯೇ.

ಉಪಗ್ರಹ ದಾರಿ ತೋರಿಸುವ ಈ ಕಾಲದಲ್ಲಿ ದೀಪದ ಖರ್ಚಿನ ಚರ್ಚೆ ಹಳಸಿತು ಎನ್ನುವವರಿದ್ದಾರೆ. ಜಿಪಿಎಸ್ ಬಂದದ್ದರಿಂದ ಗೋಪುರದ ಮೇಲಿನ ಭಾರ ಕಡಿಮೆಯಾಗಿದೆ, ಸಂಶಯವಿಲ್ಲ. ಆದರೆ ಜಿಪಿಎಸ್ ಸಂಕೇತಕ್ಕೆ ಹಣ ಕೊಡುವವರು ಯಾರು? ಅಮೆರಿಕದ ತೆರಿಗೆದಾರರು. ಅದೂ ಎಲ್ಲರ ತಲೆಯ ಮೇಲೆ ಸಮನಾಗಿ ಬೀಳುವ, ಬಾಗಿಲಿಲ್ಲದ ಬೆಳಕೇ. ಅದು ಬೇರೆಯವರ ಕೈಯಲ್ಲಿರುವ ದೀಪ ಎಂಬ ಕಾರಣಕ್ಕೆ ಭಾರತ ತನ್ನದೇ ನಾವಿಕ್ ವ್ಯವಸ್ಥೆ ಕಟ್ಟಿತು. ಅದರ ಸಂಚಾರ ಕೇಂದ್ರ 2013ರಲ್ಲಿ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಶುರುವಾಯಿತು. ಅದರ ಖರ್ಚೂ ಖಜಾನೆಯದ್ದೇ. ಸಂಕೇತವನ್ನು ಕೆಡಿಸುವ, ಸುಳ್ಳು ಸಂಕೇತ ಹರಿಸುವ ಕೆಲಸ ಇಂದು ಯುದ್ಧಭೂಮಿಗಳ ಸುತ್ತಲಿನ ಕಡಲುಗಳಲ್ಲಿ ನಡೆಯುತ್ತಿರುವುದರಿಂದ, ಕಣ್ಣಿಗೆ ಕಾಣುವ ದೀಪವನ್ನು ಎರಡನೇ ಸಾಕ್ಷಿಯಾಗಿ ಉಳಿಸಿಕೊಳ್ಳುವುದೇ ಜಾಣತನ.

ನಮ್ಮ ದೇಶ ಬ್ರಿಟಿಷರ ದಾರಿ ಹಿಡಿದು ಸುಂಕದ ಪದ್ಧತಿ ಇಟ್ಟುಕೊಂಡಿದೆ. 1927ರ ಕಾಯ್ದೆಯಡಿ ಬಂದರಿಗೆ ಬರುವ ಹಡಗುಗಳಿಂದ ದೀಪದ ಸುಂಕ ವಸೂಲಾಗುತ್ತಿತ್ತು, 2021ರ ಹೊಸ ಕಾಯ್ದೆಯಲ್ಲೂ ಅದು ಮುಂದುವರಿದಿದೆ. ದೊಡ್ಡ ಹಡಗಿನ ಹಣದಿಂದ ಉರಿಯುವ ದೀಪ ಸಣ್ಣ ನಾಡದೋಣಿಗೂ ದಾರಿ ತೋರುತ್ತದೆ. ಇದು ನ್ಯಾಯವಾದ ಹಂಚಿಕೆ. ಹೊಸ ಕಾಯ್ದೆ ಪಾರಂಪರಿಕ ದೀಪಸ್ತಂಭಗಳನ್ನು ಗುರುತಿಸಲು ಅವಕಾಶ ಕೊಟ್ಟಿರುವುದು ಒಳ್ಳೆಯ ಹೆಜ್ಜೆ. 2024ರ ಫೆಬ್ರುವರಿಯಲ್ಲಿ 75 ದೀಪಸ್ತಂಭಗಳನ್ನು ಪ್ರವಾಸಿ ತಾಣಗಳಾಗಿ ದೇಶಕ್ಕೆ ಸಮರ್ಪಿಸಿದ್ದೂ ಆಯಿತು. 1901ರ ಕಾಪು ದೀಪಸ್ತಂಭಕ್ಕೆ ಸಂಜೆ ಹೊತ್ತು ಜನ ಮುಗಿಬೀಳುವುದನ್ನು ನೋಡಿದರೆ ಇದರಲ್ಲಿ ಹುರುಳಿದೆ ಎನಿಸುತ್ತದೆ. ಟಿಕೆಟ್ಟಿನ ಹಣ ಗೋಪುರದ ಗಾರೆ, ಮೆಟ್ಟಿಲು, ತೋಟಗಳಿಗೆ ಹೋಗಲಿ. ಆದರೆ ದೀಪದ ಲೆಕ್ಕ ಬೇರೆ ಪುಸ್ತಕದಲ್ಲಿರಬೇಕು. ಕಾಪುವಿನಲ್ಲಿ ಕಡಲತೀರವಿದೆ, ಹೆದ್ದಾರಿ ಹತ್ತಿರವಿದೆ, ಬಸ್ಸು ನಿಲ್ಲುತ್ತದೆ. ಕಾರವಾರ ಕೊಲ್ಲಿಯ ಹೊರಗೆ ದೇವಗಡ ದ್ವೀಪದ ಮೇಲಿರುವ ದೀಪಸ್ತಂಭಕ್ಕೆ ದೋಣಿಯಲ್ಲೇ ಹೋಗಬೇಕು, ಮಳೆಗಾಲದಲ್ಲಿ ಆ ದಾರಿಯೂ ಕಷ್ಟ. ಪ್ರವಾಸಿಗರ ಎಣಿಕೆಯಿಂದ ದೀಪಗಳ ಯೋಗ್ಯತೆ ಅಳೆಯಲು ಹೊರಟರೆ ಮೊದಲು ಸೊರಗುವುದು ದೇವಗಡದಂಥವು. ಮೀನು ತುಂಬಿಕೊಂಡು ಬೈತಖೋಲ ಬಂದರಿಗೆ ಮರಳುವ ಬೋಟುಗಳಿಗೆ ರಾತ್ರಿ ಬೇಕಾಗುವುದು ಅದೇ ದೀಪ.